ಬಾನೆಟ್ ಎತ್ತಿ ತಿರುಗಿಸುವ ಹೀಟರ್

ಆಲ್ದೂರು ದಾಟಿ ಎರಡು ತಿರುವು ಕಳೆದಿತ್ತು ಅಷ್ಟೆ, ಗಾಡಿ ಮಿಸ್ಸಿಂಗ್ ಹೊಡೆಯೋಕೆ ಶುರು ಮಾಡಿತು. ಹೋದ ವರ್ಷ ಜುಲೈ, ಬೆಳಿಗ್ಗೆ ಎಂಟು ಗಂಟೆ, ಜಡಿಮಳೆ. ಪಕ್ಕದ ಸೀಟಿನಲ್ಲಿ ಅಪ್ಪಯ್ಯ. ಹಿಂದಿನ ಸೀಟಿನಲ್ಲಿ ಚಿಕ್ಕಮಗಳೂರಿಗೆ ಕೊಡೋಕೆ ಹೊರಟಿದ್ದ ಎರಡು ಚೀಲ ಕಾಳುಮೆಣಸು. ಅಪ್ಪಯ್ಯ ಮೂಗು ಅರಳಿಸಿ, "ನೀರು ಕಾದ ವಾಸನೆ ಬರ್ತಾ ಉಂಟು, ನಿಲ್ಸು" ಅಂದರು.

ನಮ್ಮ ಗಾಡಿಯಲ್ಲಿ ಇಂಜಿನ್ ಬಿಸಿ ತೋರಿಸುವ ಮೀಟರ್ ಇಲ್ಲ. ಎದುರಿಗೆ ಇರೋದು ಒಂದೇ ದುಂಡನೆ ಗಡಿಯಾರ. ಅದರಲ್ಲೇ ವೇಗ, ಅದರಲ್ಲೇ ಪೆಟ್ರೋಲು. ಉಳಿದದ್ದಕ್ಕೆಲ್ಲ ಅಪ್ಪಯ್ಯನ ಮೂಗೇ ಮೀಟರ್.

ಛತ್ರಿ ಹಿಡಿದು ಬಾನೆಟ್ ಎತ್ತಿದೆ. ಇಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಅಂತಾರೆ. ಅದರ ಹಿಂದಿನ ಮೂಲೆಯಲ್ಲಿ ಹಿತ್ತಾಳೆಯ ಒಂದು ಪುಟ್ಟ ಟ್ಯಾಪ್ ಇದೆ. ಅದರ ಕತ್ತಿನಿಂದ ನೀರು ತೊಟ್ಟಿಕ್ಕಿ ನಾಲ್ಕನೇ ಪ್ಲಗ್ಗಿನ ಮೇಲೆ ಬೀಳ್ತಿತ್ತು. ಪ್ಲಗ್ ಒದ್ದೆಯಾಗಿ ಕಿಡಿ ಹಾರದೆ, ಗಾಡಿ ಮೂರೇ ಸಿಲಿಂಡರಿನಲ್ಲಿ ಕುಂಟುತ್ತಿತ್ತು. ಪ್ಲಗ್ ಒರೆಸಿದೆ, ಟ್ಯಾಪಿನ ಕತ್ತಿಗೆ ಪ್ಲಾಸ್ಟಿಕ್ ಕವರ್ ಸುತ್ತಿದೆ, ದೇವರೇ ಗತಿ ಅಂತ ಹೊರಟೆ. ಮೆಣಸು ಅಂಗಡಿ ಸೇರಿತು.

ಆ ಟ್ಯಾಪೇ ಹೀಟರ್ ವಾಲ್ವ್. ಈ ಬರಹ ಪೂರ್ತಿ ಅದರ ಕಥೆ. ಹಳೇ ಗಾಡಿ ಹುಚ್ಚು ಇಲ್ಲದವರು ಇಲ್ಲೇ ಇಳಿದುಕೊಳ್ಳಬಹುದು, ಬೇಜಾರಿಲ್ಲ.

ಗಾಡಿ 1958ರ ಮಾರಿಸ್ ಮೈನರ್, 948 ಸಿಸಿ. ಪಕ್ಕದ ಎಸ್ಟೇಟಿನ ದೊರೆ ಊರಿಗೆ ವಾಪಸ್ ಹೋಗುವಾಗ ಮಾರಿದ್ದನ್ನು ನಮ್ಮ ಅಜ್ಜ 1967ರಲ್ಲಿ ಕೊಂಡರು. ಬಾಗಿಲ ಕಂಬದೊಳಗಿಂದ ಕೈ ಎತ್ತುವ ಇಂಡಿಕೇಟರ್ ಇರುವ ಮಾದರಿ. ಈಗಲೂ ಬಲಗಡೆಯದು ಎತ್ತುತ್ತೆ, ಎಡಗಡೆಯದು ಮನಸ್ಸು ಬಂದರೆ. ಆ ಕಾಲದಲ್ಲಿ ಮೈನರಿಗೆ ಹೀಟರ್ ಅನ್ನೋದು ಬೇಕಾದವರು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ವಸ್ತು. ದೊರೆ ಹಾಕಿಸಿಕೊಂಡಿದ್ದ.

ಕೆಲಸ ಮಾಡುವ ರೀತಿ ಬಹಳ ಸರಳ. ಇಂಜಿನ್ನಿನ ಬಿಸಿನೀರು ಹೆಡ್ಡಿನಿಂದ ಆ ಟ್ಯಾಪ್ ದಾಟಿ, ರಬ್ಬರ್ ಪೈಪಿನಲ್ಲಿ ಕಾರಿನೊಳಗಿನ ಡಬ್ಬಿಗೆ ಹೋಗುತ್ತೆ. ಡಬ್ಬಿಯೊಳಗೆ ಚಿಕ್ಕ ರೇಡಿಯೇಟರು, ಅದರ ಹಿಂದೆ ಫ್ಯಾನು. ನೀರು ತನ್ನ ಬಿಸಿ ಅಲ್ಲಿ ಕೊಟ್ಟು, ಇನ್ನೊಂದು ಪೈಪಿನಲ್ಲಿ ವಾಪಸ್ ಬಂದು ದೊಡ್ಡ ರೇಡಿಯೇಟರಿನ ಕೆಳಗಿನ ಪೈಪಿಗೆ ಸೇರುತ್ತೆ. ಟ್ಯಾಪ್ ಮುಚ್ಚಿದರೆ ನೀರು ಆ ಕಡೆ ಹೋಗಲ್ಲ. ಆಮೇಲಿನ ಕಾಲದ ಗಾಡಿಗಳಲ್ಲಿ ಈ ಟ್ಯಾಪಿಗೆ ಕೇಬಲ್ ಕಟ್ಟಿ, ಒಳಗೆ ಕೂತು ಗುಂಡಿ ಎಳೆಯುವ ಸುಖ ಬಂತು. ನಮ್ಮದಕ್ಕೆ ಅದಿಲ್ಲ. ಚಳಿಯಾದರೆ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ನಲ್ಲಿ ತಿರುಗಿಸಿದ ಹಾಗೆ ತಿರುಗಿಸಬೇಕು. ಇಂಗ್ಲೆಂಡಿನವರು ಚಳಿಗಾಲದ ಶುರುವಿಗೆ ಒಮ್ಮೆ ತೆಗೆದು, ಬೇಸಿಗೆ ಬಂದಾಗ ಒಮ್ಮೆ ಮುಚ್ಚುತ್ತಿದ್ದರು. ನಮ್ಮಲ್ಲಿ ಅದನ್ನು ಯಾರೂ ಮುಟ್ಟುವುದೇ ಇಲ್ಲ. ಅದಕ್ಕೇ ಅದು ಸಾಯುತ್ತೆ. ಬೋರಿನ ನೀರು ಹಾಕಿ, ಹತ್ತಾರು ವರ್ಷ ಮುಚ್ಚಿಟ್ಟು, ಆಮೇಲೆ ಒಂದು ದಿನ ತಿರುಗಿಸಿದರೆ ಯಾವ ಹಿತ್ತಾಳೆ ತಾನೇ ಸುಮ್ನಿರುತ್ತೆ? ತಿರುಗಿಸಿದ್ದು ನಾನೇ, ಸೋರುವುದಕ್ಕೆ ಎರಡು ದಿನ ಮೊದಲು. ಇದನ್ನು ಅಪ್ಪಯ್ಯನಿಗೆ ಆವಾಗ ಹೇಳಲಿಲ್ಲ.

ನಮ್ಮ ಗಾಡಿ ನೋಡುವವರು ಚಿಕ್ಕಮಗಳೂರಿನ ಒಬ್ಬ ವಯಸ್ಸಾದ ಮೇಸ್ತ್ರಿ. ಅಂಬಾಸಿಡರ್, ಫಿಯಟ್, ಜೀಪ್ ಅಂತ ಐವತ್ತು ವರ್ಷ ಕೈ ಮಸಿ ಮಾಡಿಕೊಂಡವರು. ನಾನು ಅವರಿಗೆ ಭಾಯ್ ಅಂತೀನಿ, ಅವರು ನನಗೆ ಅಮ್ಮ ಅಂತಾರೆ. ಟ್ಯಾಪ್ ನೋಡಿ ಅವರು ಹೇಳಿದ ಮೊದಲ ಮಾತು: "ತೆಗೆದು ಬಿಸಾಕಿ ಅಮ್ಮಾ. ಒಂದು ಪ್ಲೇಟ್ ಹೊಡೆದು ಬಂದ್ ಮಾಡ್ತೀನಿ. ಈ ಊರಲ್ಲಿ ಹೀಟರ್ ಯಾಕೆ ಬೇಕು ನಿಮಗೆ? ಸ್ವೆಟರ್ ಇಲ್ವಾ?"

ಎಲ್ಲರೂ ಕೇಳುವ ಪ್ರಶ್ನೆಯೇ. ಆದರೆ ಮಲೆನಾಡಿನಲ್ಲಿ ಹೀಟರ್ ಬೇಕಾಗೋದು ಚಳಿಗಲ್ಲ. ಗ್ಲಾಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಒದ್ದೆ ಜನ ಈ ಡಬ್ಬಿಯೊಳಗೆ ಕೂತು ಬಾಗಿಲು ಹಾಕಿಕೊಂಡರೆ, ಮುಂದಿನ ಗ್ಲಾಸು ಎರಡು ನಿಮಿಷದಲ್ಲಿ ಹಾಲಿನ ಹಾಗೆ ಮಂಜು ಕಟ್ಟುತ್ತೆ. ಹೊರಗಿನ ಮಳೆಗೆ ಗ್ಲಾಸು ತಣ್ಣಗಿರುತ್ತೆ, ಒಳಗಿನ ಉಸಿರಿನ ಹಬೆ ಅದರ ಮೇಲೆ ನೀರಾಗಿ ಕೂರುತ್ತೆ. ಹೊಸ ಕಾರುಗಳಲ್ಲಿ ಎಸಿ ಹಾಕಿದರೆ ಮುಗೀತು, ಅದು ಗಾಳಿಯ ಪಸೆ ಹಿಂಡಿಬಿಡುತ್ತೆ. ನಮ್ಮಲ್ಲಿ ಇದ್ದದ್ದು ಅಪ್ಪಯ್ಯನ ಟವೆಲ್. ನಲವತ್ತು ವರ್ಷ ಅವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಟವೆಲ್ ಹಿಡಿದೇ ಚಾರ್ಮಾಡಿ ಇಳಿದಿದ್ದಾರೆ. ನನಗೆ ಆ ಧೈರ್ಯ ಇಲ್ಲ. ಎದುರಿಗೆ ಬಸ್ಸಿನ ಲೈಟು ದೊಡ್ಡ ಹಳದಿ ಉಂಡೆಯಾಗಿ ಕಾಣುವಾಗ ಎದೆ ಝಲ್ ಅನ್ನುತ್ತೆ.

ಇನ್ನೊಂದು ಕಾರಣವೂ ಇದೆ. ಕೈಮರದಿಂದ ಬಾಬಾಬುಡನ್‌ಗಿರಿ ಕಡೆ ಫಸ್ಟ್, ಸೆಕೆಂಡ್ ಗೇರಿನಲ್ಲೇ ಹತ್ತುವಾಗ ಇಂಜಿನ್ ಕಾಯುತ್ತೆ. ಎತ್ತರ ಹೋದ ಹಾಗೆ ನೀರು ಬೇಗ ಕುದಿಯುವುದು ಬೇರೆ. ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗೆ ಒತ್ತಡ ಹಿಡಿದಿಟ್ಟು ಸ್ವಲ್ಪ ಕಾಪಾಡುತ್ತೆ ನಿಜ. ಆದರೂ ಅಂಥ ಹೊತ್ತಲ್ಲಿ ಹೀಟರ್ ಟ್ಯಾಪ್ ತೆರೆದು ಫ್ಯಾನ್ ಹಾಕಿದರೆ ಗಾಡಿಗೆ ಎರಡನೇ ರೇಡಿಯೇಟರ್ ಸಿಕ್ಕಂತೆ. ಕಾಲು ಬೇಯುತ್ತೆ, ಇಂಜಿನ್ ಉಳಿಯುತ್ತೆ.

ಭಾಯ್ ಇದನ್ನೆಲ್ಲ ಕೇಳಿ, ಕನ್ನಡಕ ಸರಿ ಮಾಡಿಕೊಂಡು, "ಹಾಗಾದ್ರೆ ತರಿಸಿ. ಅಲ್ಲೀವರೆಗೆ ನನ್ನ ಪ್ಲೇಟೇ ಇರ್ಲಿ" ಅಂದರು.

ಅವರ ಪ್ಲೇಟಿನ ಕೆಲಸ ಚೆನ್ನಾಗಿತ್ತು, ಹೇಳಲೇಬೇಕು. ಟ್ಯಾಪ್ ಕೂರುವ ಜಾಗದ ಅಳತೆಗೆ ಕಬ್ಬಿಣದ ಪಟ್ಟಿ ಕತ್ತರಿಸಿ, ಎರಡು ತೂತು ಕೊರೆದು, ರಬ್ಬರ್ ಪ್ಯಾಕಿಂಗ್ ಕೊಟ್ಟು ಬಿಗಿದರು. ಅಷ್ಟೇ ಮಾಡಿದರೆ ಸಾಲದು, ವಾಪಸ್ ಬರುವ ಪೈಪಿನ ಬಾಯೂ ಮುಚ್ಚಬೇಕು. ಅದಕ್ಕೆ ಒಂದು ಗಿಡ್ಡ ರಬ್ಬರ್ ತುಂಡು ಸಿಕ್ಕಿಸಿ, ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ, ಕ್ಲಿಪ್ ಹಾಕಿದರು. ಒಂದು ಗಂಟೆಯ ಕೆಲಸ, ಒಂದು ತೊಟ್ಟೂ ಸೋರಲಿಲ್ಲ.

ಆದರೆ ಪ್ಲೇಟ್ ಹಾಕುವ ಮುಂಚೆ ಹಳೇ ಟ್ಯಾಪ್ ಬಿಚ್ಚಬೇಕಿತ್ತಲ್ಲ. ಅಲ್ಲಿ ನಡೆದ ಜಗಳ ಸಣ್ಣದಲ್ಲ. ಎರಡೇ ಎರಡು ನಟ್ಟು. ಅಂಗಡಿಯ ಹುಡುಗ ಹನ್ನೆರಡರ ಪಾನಾ ತಂದು ಹಾಕಿದ. ಇಂಗ್ಲಿಷ್ ಗಾಡಿ, ಇಂಚಿನ ಲೆಕ್ಕ. ನಮ್ಮ ನಟ್ಟಿಗೆ ಬೇಕಾದದ್ದು 7/16, ಅಂದರೆ ಹನ್ನೊಂದು ಎಂಎಂಗಿಂತ ಒಂದು ಕೂದಲಷ್ಟು ಜಾಸ್ತಿ. ಹನ್ನೊಂದು ಕೂರಲ್ಲ, ಹನ್ನೆರಡು ಜಾರುತ್ತೆ. ಜಾರಿ ನಟ್ಟಿನ ಮೂಲೆ ತಿಂದರೆ ಮುಗೀತು ಕಥೆ. ನಾನು "ಏ, ನಿಲ್ಸು ನಿಲ್ಸು" ಅಂತ ಕೂಗಿದ್ದಕ್ಕೆ ಹುಡುಗ ಹೆದರಿಬಿಟ್ಟ, ಪಾಪ. ಗಾಡಿಯ ಡಿಕ್ಕಿಯಲ್ಲಿ ಅಜ್ಜನ ಕಾಲದ ಪಾನಾ ಸುರುಳಿ ಇತ್ತು. ಅದರದ್ದೇ ಕೂತಿತು.

ಭಾಯ್ ಎರಡು ನಟ್ಟಿಗೂ ತುಕ್ಕಿನ ಎಣ್ಣೆ ಹೊಡೆದು, ಟೀ ಕುಡಿದು ಬಂದರು. ಮತ್ತೆ ಹೊಡೆದು ಇನ್ನೊಂದು ಟೀ. ಆತುರ ಮಾಡಿದರೆ ಸ್ಟಡ್, ಅಂದರೆ ನಟ್ಟು ಕೂತಿರುವ ಕಡ್ಡಿ, ಹೆಡ್ಡಿನೊಳಗೇ ಮುರಿಯುತ್ತೆ, ಆಮೇಲೆ ಡ್ರಿಲ್, ಲೇತು, ಕಣ್ಣೀರು. ಪಾನಾ ಹಾಕಿ ಬಿಚ್ಚುವ ಬದಲು ಅವರು ಮೊದಲು ಸ್ವಲ್ಪ ಬಿಗಿದರು. ಒಂದು ಕಿರ್ ಸದ್ದು ಬಂದಮೇಲೆ ಬಿಚ್ಚಿದರು. ಒಂದು ನಟ್ಟು ಸಲೀಸಾಗಿ ಬಂತು. ಇನ್ನೊಂದು ಸ್ಟಡ್ ಸಮೇತ ಬಂತು. ಮುರಿಯದೆ ಬಂದಿದ್ದೇ ಭಾಗ್ಯ ಅಂದುಕೊಂಡೆವು.

ಹೊಸ ಟ್ಯಾಪಿಗೆ ಬಹಳ ಪರದಾಡಬೇಕಾಗಲಿಲ್ಲ. ಮೈನರ್ 1948ರಿಂದ 1971ರವರೆಗೆ ತಯಾರಾದ ಕಾರು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ನಮ್ಮ ಇಂಜಿನ್ನಿನ ವಂಶವಂತೂ 1951ರಲ್ಲಿ ಆಸ್ಟಿನ್ ಎ30ಯಿಂದ ಶುರುವಾಗಿ, ಮಿನಿ ಕಾರಿನಲ್ಲಿ 2000ದವರೆಗೂ ಓಡಿತು. ಅಷ್ಟು ಗಾಡಿ ಇದ್ದಮೇಲೆ ಇಂಗ್ಲೆಂಡಿನಲ್ಲಿ ಬಿಡಿಭಾಗ ಮಾಡುವವರೂ ಇದ್ದಾರೆ. ಸೋದರತ್ತೆಯ ಮಗಳು ಬರ್ಮಿಂಗ್‌ಹ್ಯಾಮಿನಲ್ಲಿ ನರ್ಸ್. ಅವಳ ಮನೆಗೆ ತರಿಸಿಟ್ಟೆ, ಅಕ್ಟೋಬರಿನಲ್ಲಿ ಅವಳು ಬರುವಾಗ ಸೀರೆಗಳ ಮಧ್ಯೆ ಸುತ್ತಿ ತಂದಳು. "ಏನಿದು, ನಲ್ಲಿನಾ? ಇದಕ್ಕೆ ನಾನು ಎರಡು ಡಬ್ಬಿ ಚಾಕಲೇಟ್ ಬಿಟ್ಟು ಬಂದೆ" ಅಂತ ಈಗಲೂ ಆಡಿಕೊಳ್ತಾಳೆ. ಹೀಗಾಗಿ ಆ ಮಳೆಗಾಲ ಪೂರ್ತಿ ಟವೆಲ್ಲೇ ಗತಿಯಾಯಿತು.

ಹೊಸದು ನೋಡೋಕೆ ಫಳಫಳ. ಆದರೆ ಈಗ ಬರುವ ನಕಲು ಭಾಗಗಳನ್ನು ಪೆಟ್ಟಿಗೆಯಿಂದ ತೆಗೆದು ನೇರ ಹಾಕಬಾರದು. ಇದು ನಾನು ಬೇರೆ ಭಾಗಗಳಲ್ಲಿ ಕೈ ಸುಟ್ಟುಕೊಂಡು ಕಲಿತದ್ದು. ಹಾಗಾಗಿ ಈ ಕೆಲಸ ಭಾಯ್ ಅಂಗಡಿಯಲ್ಲಿ ಅಲ್ಲ, ನಮ್ಮ ಮನೆ ಜಗಲಿಯಲ್ಲಿ, ಭಾನುವಾರ, ನಿಧಾನಕ್ಕೆ ಮಾಡಿದೆ.

ಮೊದಲು ತಳ ಸಮ ಇದೆಯಾ ನೋಡಬೇಕು. ಡ್ರೆಸ್ಸಿಂಗ್ ಟೇಬಲಿನ ಒಡೆದ ಕನ್ನಡಿ ತುಂಡೊಂದಿತ್ತು. ಕನ್ನಡಿಯಷ್ಟು ಸಮನಾದ ವಸ್ತು ಮನೆಯಲ್ಲಿ ಬೇರೆ ಯಾವುದೂ ಇರಲ್ಲ. ಅದರ ಮೇಲೆ ನಯವಾದ ಎಮ್ರಿ ಪೇಪರ್ ಹಾಸಿ, ಎರಡು ತೊಟ್ಟು ಎಣ್ಣೆ ಬಿಟ್ಟು, ಟ್ಯಾಪಿನ ತಳವನ್ನು ಇಂಗ್ಲಿಷಿನ ಎಂಟು ಬರೆದ ಹಾಗೆ ತಿಕ್ಕಿದೆ. ನಾಲ್ಕು ಸಲ ತಿಕ್ಕಿ ನೋಡಿದರೆ ನಟ್ಟು ಬಿಗಿಯುವ ಎರಡು ಕಿವಿಗಳ ತುದಿ ಮಾತ್ರ ಹೊಳೀತಿದೆ, ನಡುವಿನ ತೂತಿನ ಸುತ್ತ ಪೇಪರ್ ಮುಟ್ಟೇ ಇಲ್ಲ! ಹಾಗೇ ಬಿಗಿದಿದ್ದರೆ ಮೊದಲ ದಿನವೇ ಸೋರ್ತಿತ್ತು. ಇಪ್ಪತ್ತು ನಿಮಿಷ ತಿಕ್ಕಿದಮೇಲೆ ಪೂರ್ತಿ ಒಂದೇ ಬಣ್ಣಕ್ಕೆ ಬಂತು.

ಆಮೇಲೆ ಸೈಕಲ್ ಟ್ಯೂಬಿನ ಪರೀಕ್ಷೆ. ಟ್ಯಾಪಿಗೆ ಒಂದು ತುಂಡು ಪೈಪ್ ಸಿಕ್ಕಿಸಿ, ಇನ್ನೊಂದು ಬಾಯಿಗೆ ಹೆಬ್ಬೆರಳು ಒತ್ತಿ, ಬಕೆಟ್ ನೀರಲ್ಲಿ ಮುಳುಗಿಸಿ ಊದಿದೆ. ತಿರುಪಿನ ಕಡ್ಡಿಯ ಬುಡದಿಂದ ಸಣ್ಣ ಗುಳ್ಳೆ ಬಂತು. ಅಲ್ಲೊಂದು ಪುಟ್ಟ ನಟ್ಟು, ಅದರ ಒಳಗೆ ಪ್ಯಾಕಿಂಗ್. ಕಾಲು ಸುತ್ತು ಬಿಗಿದೆ, ಗುಳ್ಳೆ ನಿಂತಿತು. ಜಾಸ್ತಿ ಬಿಗಿದರೆ ತಿರುಗಿಸೋಕೇ ಆಗಲ್ಲ, ತಿರುಗಿಸದ ಟ್ಯಾಪು ಮತ್ತೆ ಹಿಡಿದುಕೊಳ್ಳುತ್ತೆ.

ಇದನ್ನೆಲ್ಲ ನೋಡುತ್ತಾ ಕೂತಿದ್ದ ಅಪ್ಪಯ್ಯ, ಹಳೇ ಟ್ಯಾಪ್ ಕೈಗೆತ್ತಿಕೊಂಡರು. "ಇದು ಕಂಪನಿಯಿಂದ ಬಂದ ಹಾಗೇ ಇತ್ತು. ಅರವತ್ತು ವರ್ಷದಿಂದ ಯಾರೂ ಕೈ ಹಾಕಿಲ್ಲ ಇದಕ್ಕೆ. ನೀನೇ ಏನೋ ಮಾಡಿದ್ದಿ" ಅಂದರು. ನನಗೂ ಒಳಗೊಳಗೆ ಅಳುಕಿತ್ತು, ತಿರುಗಿಸಿದವಳು ನಾನೇ ಅಲ್ವಾ? ಸರಿ, ಬಿಚ್ಚಿ ನೋಡೋಣ ಅಂತ ಬಿಚ್ಚಿದೆ. ಒಳಗೆ ಬಿಳೀ ಸುಣ್ಣದ ಹಕ್ಕಳೆ, ಹಂಡೆಯ ತಳದಲ್ಲಿ ಕಟ್ಟುತ್ತಲ್ಲ, ಹಾಗೆ. ಚಾಕುವಿನಲ್ಲಿ ಕೆರೆದೆ. ನೀರು ತಡೆಯುವ ವಾಷರ್ ಕಪ್ಪಗೆ, ಕಲ್ಲಿನ ಹಾಗಾಗಿತ್ತು. ತಿರುಗಿಸಿ ನೋಡಿದರೆ ಅದು ರಬ್ಬರಲ್ಲ. ಚರ್ಮ. ಅಂಚಿನಲ್ಲಿ ಹೊಲಿಗೆಯ ಎರಡು ತೂತು ಬೇರೆ ಇದ್ದವು.

"ಅಪ್ಪಯ್ಯಾ, ಕಂಪನಿಯವರು ಚಪ್ಪಲಿ ಹಾಕಿ ಕಳಿಸಿದ್ರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಾಯಿ ಬಿಟ್ಟರು. ಚಿಕ್ಕಪ್ಪನ ಮದುವೆ, ಕೊಪ್ಪದಲ್ಲಿ. ಹುಡುಗಿ ಮನೆ ಮುಂದೆ ನಿಂತಾಗ ಟ್ಯಾಪ್ ಸೋರ್ತಿತ್ತಂತೆ. ವಾಪಸ್ ಬರುವಾಗ ಮದುಮಕ್ಕಳು ಇದೇ ಗಾಡಿಯಲ್ಲಿ ಬರಬೇಕು. ಚಪ್ಪರದ ಹೊರಗೆ ನೂರಾರು ಚಪ್ಪಲಿ ಬಿದ್ದಿದ್ದವು. "ಯಾರದೋ ಗೊತ್ತಿಲ್ಲ ಮಾರಾಯ್ತಿ, ಹಳೇದೇ ಅದು" ಅಂದರು. ಕತ್ತಿಯಲ್ಲಿ ದುಂಡಗೆ ಕತ್ತರಿಸಿ ಹಾಕಿ, ಟ್ಯಾಪ್ ಬಿಗಿಯಾಗಿ ಮುಚ್ಚಿ, ಇನ್ನು ಯಾರೂ ಮುಟ್ಟಬೇಡಿ ಅಂತ ತಮ್ಮನಿಗೆ ಹೇಳಿದ್ದರಂತೆ. ಅಂದರೆ ನಾನು ಹುಟ್ಟುವುದಕ್ಕೂ ಮುಂಚಿನಿಂದ ಆ ಹೀಟರ್ ಕೆಲಸ ಮಾಡಿಲ್ಲ, ಮಾಡದಿರಲಿ ಅಂತಲೇ ಮುಚ್ಚಿಟ್ಟದ್ದು. ಯಾರೋ ಪುಣ್ಯಾತ್ಮರು ಊಟ ಮುಗಿಸಿ ಒಂದೇ ಚಪ್ಪಲಿಯಲ್ಲಿ ಮನೆಗೆ ಹೋಗಿರಬೇಕು.

ಒಂದು ಮಾತು ಒಪ್ಪಲೇಬೇಕು. ಆ ಚರ್ಮ ನಲವತ್ತು ವರ್ಷದ ಮೇಲೆ ನೀರು ಹಿಡಿದಿತ್ತು.

ಹಾಕುವ ಮುಂಚೆ ಒಳಗಿನ ಡಬ್ಬಿ ತೊಳೆದೆ. ತೋಟದ ನೀರಿನ ಪೈಪನ್ನು ವಾಪಸ್ ಬರುವ ಕಡೆಗೆ ಸಿಕ್ಕಿಸಿ, ನಿಧಾನಕ್ಕೆ ಬಿಟ್ಟೆ. ಉಲ್ಟಾ ತೊಳೆದರೆ ಕೂತ ಕೊಳೆ ಬೇಗ ಎದ್ದು ಬರುತ್ತೆ. ಜೋರಾಗಿ ಬಿಡಬಾರದು, ಹಳೇ ಬೆಸುಗೆ ಬಿಟ್ಟುಕೊಂಡರೆ ಅದನ್ನು ಸರಿ ಮಾಡೋದು ಬೇರೆಯೇ ಪುರಾಣ. ಮೊದಲ ಹತ್ತು ನಿಮಿಷ ಬಂದದ್ದು ಒಳ್ಳೇ ಗಟ್ಟಿ ಡಿಕಾಕ್ಷನ್ ಬಣ್ಣದ ನೀರು. ಇಂಜಿನ್ ಬ್ಲಾಕಿನ ನೀರು ಖಾಲಿ ಮಾಡುವ ಟ್ಯಾಪ್ ತೆರೆದರೆ ಏನೂ ಬರಲಿಲ್ಲ, ಕೆಸರು ಕಟ್ಟಿತ್ತು. ತಂತಿ ಹಾಕಿ ಕೆದಕಿದೆ, ಭುಸ್ ಅಂತ ನನ್ನ ಮುಖಕ್ಕೇ ಬಂತು.

ಪ್ಯಾಕಿಂಗ್ ನಾನೇ ಕಾರ್ಕ್ ಹಾಳೆಯಲ್ಲಿ ಕತ್ತರಿಸಿದೆ. ನಟ್ಟಿನ ಸಮೇತ ಬಂದಿದ್ದ ಸ್ಟಡ್ಡಿನ ತಿರುಪಿನ ಸುತ್ತಿಗೆ ಸ್ವಲ್ಪ ಪೇಸ್ಟ್ ಸವರಿ ಕೂರಿಸಿದೆ. ಎರಡು ನಟ್ಟುಗಳನ್ನು ಅದಕ್ಕೊಂದು ಸುತ್ತು, ಇದಕ್ಕೊಂದು ಸುತ್ತು ಅಂತ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಟ್ಯಾಪಿನ ಕಿವಿ ಬಾಗಿ, ಅಷ್ಟು ಹೊತ್ತು ಕನ್ನಡಿ ಮೇಲೆ ತಿಕ್ಕಿದ್ದು ದಂಡ. ಪೈಪುಗಳೂ ಅರ್ಧ ಇಂಚಿನ ಹೊಸವು. ಹಳೇ ಪೈಪ್ ಮುಟ್ಟಿದರೆ ಹಪ್ಪಳದ ಹಾಗೆ ಬಿರಿಯುತ್ತಿತ್ತು.

ಈ ಸಲ ಬೋರಿನ ನೀರು ಬೇಡ ಅಂತ ತೀರ್ಮಾನ. ಬ್ಯಾಟರಿಗೆ ಹಾಕುವ ನೀರು, ಜೊತೆಗೆ ಕೂಲೆಂಟು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ಆದರೆ ತುಕ್ಕು, ಸುಣ್ಣ ಎರಡನ್ನೂ ದೂರ ಇಡೋಕೆ ಇದು ಬೇಕು. ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಕೂಲೆಂಟು ಸಿಹಿ, ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಜೀವಕ್ಕೇ ಅಪಾಯ. ನಮ್ಮ ಕರಿಯನನ್ನು ಆ ದಿನ ಪೂರ್ತಿ ಕಟ್ಟಿ ಹಾಕಿದ್ದೆ. ಅವನು ನನ್ನನ್ನು ಕ್ಷಮಿಸಿದ್ದು ರಾತ್ರಿ ಊಟ ಹಾಕಿದಮೇಲೆ.

ನೀರು ತುಂಬಿ, ಟ್ಯಾಪ್ ತೆಗೆದು, ಇಂಜಿನ್ ಶುರು ಮಾಡಿದೆ. ಹತ್ತು ನಿಮಿಷ ಕಳೆದರೂ ಒಳಗೆ ತಣ್ಣನೆ ಗಾಳಿ. ಹೋಗುವ ಪೈಪು ಬಿಸಿ, ಬರುವ ಪೈಪು ಐಸು. ಏರ್ ಹಿಡಿದಿತ್ತು. ಗಾಡಿಯನ್ನು ಕಾಫಿ ಕಣದ ಇಳಿಜಾರಿಗೆ ತಂದು, ಮೂತಿ ಮೇಲಕ್ಕೆ ಬರುವ ಹಾಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಇಂಜಿನ್ ಆರುವ ತನಕ ಕಾದೆ, ಬಿಸಿಯಲ್ಲಿ ಮುಚ್ಚಳ ತೆಗೆದರೆ ಮುಖ ಸುಡುತ್ತೆ. ಆಮೇಲೆ ವಾಪಸ್ ಪೈಪನ್ನು ಬಿಚ್ಚಿ ಎತ್ತಿ ಹಿಡಿದು, ರೇಡಿಯೇಟರಿಗೆ ನಿಧಾನಕ್ಕೆ ಸುರಿದೆ. ಅಪ್ಪಯ್ಯ ಸುರಿದರು, ಅನ್ನೋದು ಸರಿ. ನಾನು ಪೈಪ್ ಹಿಡಿದಿದ್ದೆ. ಗುಳುಗುಳು ಅಂತ ನಾಲ್ಕೈದು ಸಲ ಗಾಳಿ ಬಂದು, ಆಮೇಲೆ ಒಂದೇ ಸಮ ನೀರು ಬಂತು. ಪೈಪ್ ಸಿಕ್ಕಿಸಿ ಕ್ಲಿಪ್ ಬಿಗಿದೆ. ಈ ಸಲ ಎರಡೂ ಪೈಪು ಬಿಸಿ.

ಫ್ಯಾನ್ ಹಾಕಿದಾಗ ಮೊದಲು ಬಂದದ್ದು ಬಿಸಿಯಲ್ಲ, ವಾಸನೆ. ಸುಟ್ಟ ಧೂಳು, ಹಳೇ ಗೋಣಿ, ಯಾವುದೋ ಇಲಿಯ ಸಂಸಾರ. ಅದರ ಹಿಂದೆ ಒಂದು ಹಿಡಿ ಒಣ ಹುಲ್ಲು ಕಾಲಿನ ಮೇಲೆ ಬಿತ್ತು. ಅದಾದಮೇಲೆ ಬೆಚ್ಚನೆ ಗಾಳಿ. ಅಪ್ಪಯ್ಯ ಪಂಚೆ ಸ್ವಲ್ಪ ಮೇಲೆತ್ತಿ, ಕಾಲು ಚಾಚಿ ಕೂತು, ಏನೂ ಹೇಳಲಿಲ್ಲ. ಇಳಿಯಲೂ ಇಲ್ಲ.

ಸರಿಯಾದ ಪರೀಕ್ಷೆಗೆ ಈ ವರ್ಷದ ಜೂನ್ ಬರಬೇಕಾಯಿತು. ಕೈಮರ ದಾಟುವಾಗಲೇ ಮಳೆ ಹಿಡಿದುಕೊಂಡಿತು. ಗಾಡಿ ನಿಲ್ಲಿಸಿ, ಇಳಿದು, ಒದ್ದೆಯಾಗಿ, ಬಾನೆಟ್ ಎತ್ತಿ ಟ್ಯಾಪ್ ತೆಗೆದು ಬಂದೆ. ಶುರುವಿಗೆ ಗ್ಲಾಸಿನ ಬುಡದಲ್ಲಿ ಎರಡು ಸಣ್ಣ ಅರ್ಧಚಂದ್ರ ತಿಳಿಯಾಯಿತು, ಆಮೇಲೆ ನಿಧಾನಕ್ಕೆ ಮೇಲೇರಿತು. ಪೂರ್ತಿ ಅಲ್ಲ, ಮೂಲೆಗಳು ಈಗಲೂ ಮಂಜೇ. ಈ ಹೀಟರ್ ಹೊರಗಿನ ಗಾಳಿ ಎಳೆಯಲ್ಲ, ಒಳಗಿನದನ್ನೇ ಸುತ್ತಿಸುತ್ತೆ. ಹಾಗಾಗಿ ಕಿಟಕಿ ಒಂದು ಬೆರಳಷ್ಟು ತೆಗೆದಿರಬೇಕು, ಇಲ್ಲವಾದರೆ ನಮ್ಮ ಉಸಿರೇ ಬಿಸಿಯಾಗಿ ಮತ್ತೆ ಗ್ಲಾಸಿಗೆ ಬರುತ್ತೆ. ಬಲ ತೋಳು ಒದ್ದೆ, ಎಡಗಾಲು ಬೇಯುತ್ತೆ. ಆದರೆ ರಸ್ತೆ ಕಾಣುತ್ತೆ. ಟವೆಲ್ ಅಪ್ಪಯ್ಯನ ಹೆಗಲ ಮೇಲೇ ಇತ್ತು, ಅತ್ತಿಗುಂಡಿವರೆಗೆ ಕೆಳಗಿಳಿಯಲಿಲ್ಲ.

ಭಾಯ್‌ಗೆ ಗಾಡಿ ತೋರಿಸಿದೆ. ಟ್ಯಾಪಿನ ಸುತ್ತ ಬೆರಳಾಡಿಸಿ, ಒಣಗಿದ್ದು ನೋಡಿ, "ನನ್ನ ಪ್ಲೇಟ್ ಎಲ್ಲಿ? ಬಿಸಾಕಬೇಡಿ" ಅಂದರು. ಅದು ಡಿಕ್ಕಿಯಲ್ಲಿ, ಅಜ್ಜನ ಪಾನಾ ಸುರುಳಿಯ ಜೊತೆಗಿದೆ.

ಹಳೇ ಟ್ಯಾಪನ್ನು ಅಪ್ಪಯ್ಯ ಬಿಸಾಕಲು ಬಿಡಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ದೇವರ ಮನೆಯ ದೀಪದ ಹಾಗೆ ಮಾಡಿಟ್ಟಿದ್ದಾರೆ. ಸ್ಪೇರ್ ಇರಲಿ, ಒಂದು ವಾಷರ್ ಹಾಕಿದರೆ ಇನ್ನು ನಲವತ್ತು ವರ್ಷ ನಡೆಯುತ್ತೆ ಅಂತ ಹೇಳುತ್ತಾ, ಮೊನ್ನೆ ಜಗಲಿಯಲ್ಲಿ ಓಡಾಡುತ್ತಿದ್ದರು. ಕೈಯಲ್ಲಿ ಸಣ್ಣ ಕತ್ತಿ. ನಾನು ಹೋಗಿ ನನ್ನ ಚಪ್ಪಲಿ ಎತ್ತಿ ಒಳಗಿಟ್ಟೆ.